ಎರೆನೆಲದ ನೈಟ್ರೇಟ್ ಮತ್ತು ಅದನ್ನು ಉಸಿರಾಡುವ ಜೀವಿಗಳು



2016ರ ಏಪ್ರಿಲ್ ತಿಂಗಳಲ್ಲಿ ಮಿರಜ ಜಂಕ್ಷನ್ನಿನಿಂದ ಲಾತೂರಿಗೆ ನೀರಿನ ರೈಲು ಹೊರಟದ್ದು ನಿಮಗೆಲ್ಲ ನೆನಪಿದೆ. ಮೊದಲ ಗಾಡಿಯಲ್ಲಿ ಹತ್ತು ವ್ಯಾಗನ್ನುಗಳು. ಒಂದೊಂದರಲ್ಲಿ 50,000 ಲೀಟರು, ಒಟ್ಟು 5 ಲಕ್ಷ ಲೀಟರು. ಬರದಲ್ಲಿ ಬೆಂದ ಒಂದು ಊರಿಗೆ ನೀರು ಕೊಟ್ಟ ಊರು ಎಂದು ಮಿರಜದ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಆ 5 ಲಕ್ಷ ಲೀಟರು ಎಷ್ಟು ನೀರು ಎಂಬುದನ್ನು ಈ ಭಾಗದ ರೈತ ಸುಲಭವಾಗಿ ಅಂದಾಜು ಮಾಡಬಲ್ಲ. 30 ಅಡಿ ಅಗಲದ ದುಂಡು ಬಾವಿಯಲ್ಲಿ 25 ಅಡಿ ನೀರು ನಿಂತರೆ ಅಷ್ಟೇ ಆಗುತ್ತದೆ. ಅಂಥ ಬಾವಿಗಳು ನಮ್ಮ ಕಬ್ಬಿನ ಹೊಲಗಳಲ್ಲಿ ಬೇಕಾದಷ್ಟಿವೆ.

ಅಂಥ ಒಂದು ಬಾವಿಯ ನೀರು ಕುಡಿಯಲು ಬಾರದಂತಾಗಲು ಎಷ್ಟು ಯೂರಿಯಾ ಸಾಕು? ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿಗೆ ಹಾಕಿರುವ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ. ಬೇರೆ ಮೂಲ ಇಲ್ಲದಿದ್ದರೆ ಕೆಲವು ಅಂಶಗಳಿಗೆ ಅದು ಸಡಿಲಿಕೆ ಕೊಡುತ್ತದೆ, ನೈಟ್ರೇಟಿಗೆ ಕೊಡುವುದಿಲ್ಲ. ನಮ್ಮ ಬಾವಿಯಲ್ಲಿ ಲೀಟರಿಗೆ 100 ಮಿಲಿಗ್ರಾಂ ಇದೆ ಎಂದುಕೊಳ್ಳೋಣ. 5 ಲಕ್ಷ ಲೀಟರಿಗೆ 50 ಕಿಲೊ ನೈಟ್ರೇಟ್. ಅದರಲ್ಲಿರುವ ಸಾರಜನಕ 11 ಕಿಲೊ ಚಿಲ್ಲರೆ. ಅಷ್ಟು ಸಾರಜನಕ ಸುಮಾರು 25 ಕಿಲೊ ಯೂರಿಯಾದಲ್ಲಿದೆ, ಅಂದರೆ 45 ಕಿಲೊ ಚೀಲದ ಅರ್ಧಕ್ಕಿಂತ ತುಸು ಹೆಚ್ಚು. ಆಡಸಾಲಿ ಕಬ್ಬಿಗೆ ಮಹಾರಾಷ್ಟ್ರದ ಕೃಷಿ ವಿಜ್ಞಾನಿಗಳ ಶಿಫಾರಸು ಹೆಕ್ಟೇರಿಗೆ 400 ಕಿಲೊ ಸಾರಜನಕ. ಎಕರೆಗೆ ಲೆಕ್ಕ ಹಾಕಿದರೆ 160 ಕಿಲೊ, ಯೂರಿಯಾದ ರೂಪದಲ್ಲಿ ಎಂಟು ಚೀಲ. ಎಕರೆಗೆ ಹಾಕಿದ ಸಾರಜನಕದ ಹದಿನಾಲ್ಕರಲ್ಲೊಂದು ಪಾಲು ಕೆಳಗಿಳಿದರೂ ಆ ಬಾವಿಯ ಕಥೆ ಮುಗಿಯಿತು. ಶಿಫಾರಸಿಗಿಂತ ಹೆಚ್ಚು ಹಾಕುವವರು ನಮ್ಮಲ್ಲಿ ಎಷ್ಟು ಜನ ಎಂಬುದನ್ನು ಈ ಸಭೆಗೆ ನಾನು ಹೇಳಬೇಕಿಲ್ಲ.

ಕೇಂದ್ರ ಅಂತರ್ಜಲ ಮಂಡಳಿಯ 2024ರ ಗುಣಮಟ್ಟದ ವರದಿಯ ಪ್ರಕಾರ ದೇಶದಲ್ಲಿ ಪರೀಕ್ಷೆಗೆ ತೆಗೆದ ಐದು ಮಾದರಿಗಳಲ್ಲಿ ಒಂದರಲ್ಲಿ ನೈಟ್ರೇಟ್ ಮಿತಿ ಮೀರಿದೆ. ಮಹಾರಾಷ್ಟ್ರದಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು, ಕರ್ನಾಟಕದಲ್ಲಿ ಹತ್ತಿರ ಹತ್ತಿರ ಅರ್ಧ. ಗಡಿಯ ಎರಡೂ ಕಡೆಯವರು ಇಲ್ಲಿ ಕೂತಿದ್ದೀರಿ. ಈ ಒಂದು ವಿಷಯದಲ್ಲಿ ಯಾರೂ ಯಾರ ಕಡೆಗೂ ಬೆರಳು ತೋರಿಸುವಂತಿಲ್ಲ.

ಈ ವಿಷ ಕಣ್ಣಿಗೆ ಕಾಣುವುದಿಲ್ಲ, ನಾಲಗೆಗೂ ತಿಳಿಯುವುದಿಲ್ಲ. ಕಾಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಇನ್ನಷ್ಟು ಗಟ್ಟಿಯಾಗುತ್ತದೆ. 1945ರಲ್ಲಿ ಅಮೆರಿಕದ ಅಯೋವಾ ರಾಜ್ಯದ ವೈದ್ಯ ಹಂಟರ್ ಕಾಮ್ಲಿ, ಹೊಲದ ಬಾವಿಯ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದ ಎಳೆಗೂಸುಗಳ ಮೈ ನೀಲಿಗಟ್ಟುವುದನ್ನು ಕಂಡು, ಕಾರಣ ನೀರಿನ ನೈಟ್ರೇಟ್ ಎಂದು ಬರೆದರು. ಕೂಸಿನ ಹೊಟ್ಟೆಯಲ್ಲಿ ನೈಟ್ರೇಟ್ ನೈಟ್ರೈಟ್ ಆಗುತ್ತದೆ. ಅದು ರಕ್ತದ ಹಿಮೋಗ್ಲೋಬಿನ್ನನ್ನು ಕೆಡಿಸಿ ಆಮ್ಲಜನಕ ಹೊರಲಾರದಂತೆ ಮಾಡುತ್ತದೆ. 1894ರಲ್ಲಿ ಡಾಕ್ಟರ್ ವಾನ್ಲೆಸ್ ಮಿರಜದಲ್ಲಿ ಮಿಷನ್ ಆಸ್ಪತ್ರೆ ಕಟ್ಟಿದಂದಿನಿಂದ ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯ ಜನ ಜಡ್ಡು ಬಂದರೆ ಮಿರಜದ ಹಾದಿ ಹಿಡಿಯುತ್ತ ಬಂದಿದ್ದಾರೆ. ಹೆರಿಗೆ ಮುಗಿಸಿ ಊರಿಗೆ ಮರಳುವ ತಾಯಿಗೆ ಹೇಳುವ ಪಥ್ಯದ ಮಾತುಗಳಲ್ಲಿ ಇದೂ ಒಂದು ಸೇರಲಿ ಎಂದು ಇಲ್ಲಿರುವ ವೈದ್ಯರನ್ನು ಕೇಳಿಕೊಳ್ಳುತ್ತೇನೆ: ಕೂಸಿಗೆ ಎದೆಹಾಲು ಸಾಲದೆ ಪುಡಿ ಕಲಸುವುದಾದರೆ ಹೊಲದ ಬಾವಿಯ ನೀರನ್ನು ಪರೀಕ್ಷೆ ಮಾಡಿಸದೆ ಬಳಸಬೇಡಿ.

ಇನ್ನು ಈ ನೈಟ್ರೇಟ್ ಹುಟ್ಟುವ ಬಗೆ. ಚೀಲದಲ್ಲಿರುವುದು ಯೂರಿಯಾ, ನೈಟ್ರೇಟ್ ಅಲ್ಲ. ಮಣ್ಣಿಗೆ ಬಿದ್ದ ಯೂರಿಯಾವನ್ನು ಸೂಕ್ಷ್ಮಜೀವಿಗಳು ಒಡೆದು ಅಮೋನಿಯಾ ಮಾಡುತ್ತವೆ. ಇನ್ನೊಂದು ಗುಂಪು ಅದನ್ನು ನೈಟ್ರೈಟ್ ಮಾಡಿ, ಮತ್ತೊಂದು ಗುಂಪು ನೈಟ್ರೇಟ್ ಮಾಡಿ ಬಿಡುತ್ತದೆ. ಸುಮಾರು 1890ರಲ್ಲಿ ಸೂಕ್ಷ್ಮಜೀವಿ ವಿಜ್ಞಾನಿ ಸೆರ್ಗೇ ವಿನೋಗ್ರಾಡ್‌ಸ್ಕಿ ಈ ಕೊನೆಯ ಎರಡು ಗುಂಪುಗಳನ್ನು ಬೇರೆ ಮಾಡಿ ಬೆಳೆಸಿ ತೋರಿಸಿದ. ಅಮೋನಿಯಾ ಮಣ್ಣಿನ ನೀರಿನಲ್ಲಿ ಅಮೋನಿಯಂ ಆಗುತ್ತದೆ, ಅದು ಧನ ವಿದ್ಯುದಂಶದ್ದು. ನಮ್ಮ ಎರೆಮಣ್ಣಿನ ಕಣಗಳು ಋಣ ವಿದ್ಯುದಂಶದವು, ಹೀಗಾಗಿ ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ನೈಟ್ರೇಟೂ ಋಣದ್ದೇ. ಮಣ್ಣು ಅದನ್ನು ಹಿಡಿಯುವುದಿಲ್ಲ, ನೀರು ಹೋದಲ್ಲಿ ಅದೂ ಹೋಗುತ್ತದೆ. ಬೇಸಿಗೆಯಲ್ಲಿ ಎರೆಹೊಲ ಬಾಯಿ ಬಿಟ್ಟಾಗ ಮೊಣಕೈವರೆಗೆ ಕೈ ಹೋಗುವ ಬಿರುಕುಗಳನ್ನು ನೀವೆಲ್ಲ ಕಂಡಿದ್ದೀರಿ. ಮುಂಗಾರಿನ ಮೊದಲ ದೊಡ್ಡ ಮಳೆ ಆ ಬಿರುಕುಗಳಲ್ಲಿ ಇಳಿಯುವಾಗ ಹೊಲದ ಮೇಲ್ಪದರದ ನೈಟ್ರೇಟನ್ನು ತೊಳೆದುಕೊಂಡು ನೇರವಾಗಿ ಕೆಳಗಿನ ಗರಸಿಗೆ ಇಳಿಸುತ್ತದೆ. ಬಾವಿಯ ಪಕ್ಕದ ತಿಪ್ಪೆ, ಮನೆಯ ಹಿಂದಿನ ಶೌಚದ ಗುಂಡಿ, ಇವೂ ಅದೇ ಕೆಲಸ ಮಾಡುತ್ತವೆ. ದೋಷವೆಲ್ಲ ಯೂರಿಯಾದ್ದು ಎಂದರೆ ಅರ್ಧ ಸತ್ಯವಾದೀತು.

ಹುಟ್ಟಿಸುವ ಜೀವಿಗಳಿದ್ದ ಮೇಲೆ ಅಳಿಸುವ ಜೀವಿಗಳೂ ಇರಬೇಕಲ್ಲವೇ? ಇವೆ. ಅವನ್ನು ಗುರುತಿಸಿದ ಕಥೆ ಸಾಂಗ್ಲಿ ಜಿಲ್ಲೆಯವರಿಗೆ ಹತ್ತಿರದ್ದು. ತಾಸಗಾಂವದ, ಕವಠೆ ಮಹಾಂಕಾಳದ ದ್ರಾಕ್ಷಿ ಬೆಳೆಗಾರರು ಬೂಜು ರೋಗಕ್ಕೆ ಹೊಡೆಯುವ ನೀಲಿ ಬೋರ್ಡೋ ಮಿಶ್ರಣ 1880ರ ದಶಕದಲ್ಲಿ ಫ್ರಾನ್ಸಿನ ಬೋರ್ಡೋ ನಗರದಲ್ಲಿ ಹುಟ್ಟಿತು. ಅದನ್ನು ರೂಪಿಸಿದವನು ಸಸ್ಯಶಾಸ್ತ್ರಜ್ಞ ಮಿಲಾರ್ಡೆ. ಅವನ ಜತೆ ನಿಂತು ರಸಾಯನದ ಕೆಲಸ ಮಾಡಿದವನು ಪಾಶ್ಚರನ ಶಿಷ್ಯ ಯೂಲಿಸ್ ಗಯೋಂ. ಇದೇ ಗಯೋಂ ಅದೇ ದಶಕದಲ್ಲಿ ದ್ಯುಪೆತಿ ಎಂಬ ಸಹೋದ್ಯೋಗಿಯ ಜತೆಗೂಡಿ, ಚರಂಡಿ ನೀರಿನ ಸೂಕ್ಷ್ಮಜೀವಿಗಳು ನೈಟ್ರೇಟನ್ನು ಒಡೆದು ಸಾರಜನಕ ಅನಿಲವಾಗಿ ಗಾಳಿಗೆ ಬಿಡುತ್ತವೆ ಎಂದು ತೋರಿಸಿದ. ನಮ್ಮ ದ್ರಾಕ್ಷಿ ತೋಟದ ಔಷಧಿಗೂ ನಮ್ಮ ಬಾವಿಯ ಪರಿಹಾರಕ್ಕೂ ಒಬ್ಬನೇ ಮನುಷ್ಯನ ಪ್ರಯೋಗಶಾಲೆ ತವರು. ಇದನ್ನು ಓದಿದ ದಿನ ನನಗಾದ ಸಂತೋಷವನ್ನು ನಿಮ್ಮೊಡನೆ ಹಂಚಿಕೊಳ್ಳದೆ ಮುಂದೆ ಹೋಗಲಾರೆ.

ಈ ಜೀವಿಗಳು ನೈಟ್ರೇಟನ್ನು ಆಹಾರವಾಗಿ ತಿನ್ನುತ್ತವೆ ಎಂದು ಹಲವರು ತಿಳಿದಿದ್ದಾರೆ. ಅವು ಅದನ್ನು ಉಸಿರಾಡುತ್ತವೆ. ನಾವು ಅನ್ನ ತಿಂದು ಆಮ್ಲಜನಕದಿಂದ ಅದನ್ನು ದಹಿಸುತ್ತೇವೆ. ಅವೂ ಆಮ್ಲಜನಕ ಇರುವ ತನಕ ಹಾಗೇ ಮಾಡುತ್ತವೆ. ಆಮ್ಲಜನಕ ತೀರಿದಾಗ ನಾವು ಸಾಯುತ್ತೇವೆ, ಅವು ನೈಟ್ರೇಟಿನಲ್ಲಿರುವ ಆಮ್ಲಜನಕದ ಕಡೆ ತಿರುಗುತ್ತವೆ. ನೈಟ್ರೇಟ್ ನೈಟ್ರೈಟ್ ಆಗಿ, ನೈಟ್ರಿಕ್ ಆಕ್ಸೈಡ್ ಆಗಿ, ನೈಟ್ರಸ್ ಆಕ್ಸೈಡ್ ಆಗಿ ಕೊನೆಗೆ ಸಾರಜನಕ ಅನಿಲವಾಗುತ್ತದೆ. ನಮ್ಮ ಸುತ್ತಲಿನ ಗಾಳಿಯ ಹೆಚ್ಚಿನ ಪಾಲು ಅದೇ. ಸ್ಯೂಡೊಮೊನಾಸ್, ಪ್ಯಾರಾಕಾಕಸ್ ಮುಂತಾದ ಹೆಸರುಗಳು ಪುಸ್ತಕದಲ್ಲಿವೆ. ಹಳ್ಳದ ಕೆಸರಿನ ಒಂದು ಚಿಟಿಕೆಯಲ್ಲಿ ಇಂಥವು ಲೆಕ್ಕವಿಲ್ಲದಷ್ಟು ಇರುತ್ತವೆ. ಅವುಗಳಿಗೆ ಬೇಕಾದದ್ದು ಎರಡೇ: ದಹಿಸಲು ಇಂಗಾಲವುಳ್ಳ ಅನ್ನ, ಮತ್ತು ಗಾಳಿಯಾಡದ ಜಾಗ.

ಶಾಲೆಯ ಮಕ್ಕಳೂ ಇದನ್ನು ಕಣ್ಣಾರೆ ನೋಡಬಹುದು. ಎರಡು ಗಾಜಿನ ಬಾಟಲಿಗಳಿಗೆ ಕಬ್ಬಿನ ಹೊಲದ ಬಾವಿಯ ನೀರು ತುಂಬಿ. ಎರಡಕ್ಕೂ ಹಳ್ಳದ ಕೆಸರು ಒಂದೊಂದು ಚಮಚ. ಒಂದಕ್ಕೆ ಮಾತ್ರ ಕಡಲೆ ಗಾತ್ರದ ಬೆಲ್ಲದ ಚೂರು. ಬಾಯಿಯವರೆಗೆ ತುಂಬಿ ಮುಚ್ಚಳವನ್ನು ಸಡಿಲವಾಗಿ ಹಾಕಿ, ಬಿಗಿಮಾಡಿದರೆ ಒಳಗಿನ ಅನಿಲ ಬಾಟಲಿ ಒಡೆಯಬಹುದು. ನೆರಳಲ್ಲಿಟ್ಟು ದಿನಕ್ಕೊಮ್ಮೆ ನೈಟ್ರೇಟ್-ನೈಟ್ರೈಟ್ ಪರೀಕ್ಷೆಯ ಪಟ್ಟಿಯನ್ನು ಅದ್ದಿ ನೋಡಿ. ಬೆಲ್ಲ ಹಾಕಿದ ಬಾಟಲಿಯಲ್ಲಿ ನೈಟ್ರೇಟಿನ ಗುಲಾಬಿ ಬಣ್ಣ ಇಳಿಯತೊಡಗುತ್ತದೆ. ಅದೇ ಹೊತ್ತಿಗೆ ನೈಟ್ರೈಟಿನ ಚೌಕ ಬಣ್ಣ ಏರಿಸಿಕೊಳ್ಳುತ್ತದೆ, ಆಮೇಲೆ ಅದೂ ಬಿಳಿಚುತ್ತದೆ. ಕೆಸರಿನಿಂದ ಸಣ್ಣ ಗುಳ್ಳೆಗಳು ಏಳುತ್ತವೆ. ಬೆಲ್ಲವಿಲ್ಲದ ಬಾಟಲಿಯಲ್ಲಿ ಬದಲಾವಣೆ ತೀರ ನಿಧಾನ. ಎರಡರಲ್ಲೂ ಜೀವಿಗಳು ಒಂದೇ, ಒಂದರಲ್ಲಿ ಮಾತ್ರ ಬೇಕಾದಷ್ಟು ಅನ್ನವಿತ್ತು. ನಡುವೆ ನೈಟ್ರೈಟ್ ಏರಿದ್ದನ್ನು ಮಾತ್ರ ಮಕ್ಕಳು ಮರೆಯಬಾರದು. ಕೆಲಸ ಅರ್ಧಕ್ಕೆ ನಿಂತರೆ ನೀರು ಮೊದಲಿಗಿಂತ ಕೆಟ್ಟದ್ದಾಗಿರುತ್ತದೆ.

ಇಷ್ಟು ಕೇಳಿದ ಮೇಲೆ ಏಳುವ ಪ್ರಶ್ನೆ ನನಗೆ ಗೊತ್ತು. ಕಳೆದ ಬೇಸಿಗೆಯಲ್ಲಿ ಮಿರಜ ತಾಲ್ಲೂಕಿನ ಒಂದು ಹಳ್ಳಿಯ ರೈತರೊಬ್ಬರು ನೀಲಿ ಡಬ್ಬಿಯೊಂದನ್ನು ನನ್ನ ಮುಂದಿಟ್ಟು ಕೇಳಿದರು: "ಸರ, ಇದರಾಗ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಅದಾವಂತ್ರಿ. ಬಾವ್ಯಾಗ ಸುರುವಿದ್ರ ನೀರು ಶುದ್ಧ ಆಗತೈತೇನ್ರಿ?" "ಆಗೂದಿಲ್ರಿ ಅಣ್ಣಾರ," ಎಂದೆ. "ನಿಮ್ಮ ಬಾವ್ಯಾಗ ಮದಲs ಅದಾವ." ಅವರಿಗೆ ನಿರಾಸೆಯಾಯಿತು, ಡಬ್ಬಿಗೆ ಅವರು ಕೊಟ್ಟ ದುಡ್ಡು ಕಡಿಮೆಯದಲ್ಲ. ಹಾಗಾದರೆ ಬೆಲ್ಲವನ್ನೇ ಸುರಿಯಬಹುದಲ್ಲ ಎಂದರು. ಕಾಗದದ ಲೆಕ್ಕದಲ್ಲಿ ನಾನು ಹೇಳಿದ 5 ಲಕ್ಷ ಲೀಟರಿನ ಬಾವಿಗೆ ಸುಮಾರು 30 ಕಿಲೊ ಸಕ್ಕರೆಯಂಶ ಸಾಕು. ಜೀವಿಗಳು ತಮ್ಮ ಮೈ ಬೆಳೆಸಿಕೊಳ್ಳಲು ಬಳಸುವುದನ್ನೂ ಸೇರಿಸಿದರೆ ಇನ್ನಷ್ಟು ಬೇಕು. ಆದರೆ ತೆರೆದ ಬಾವಿಯಲ್ಲಿ ಇದನ್ನು ಎಂದೂ ಮಾಡಬೇಡಿ. ನೀರು ಕೊಳೆತು ನಾರುತ್ತದೆ, ನೈಟ್ರೈಟ್ ಉಳಿಯುತ್ತದೆ, ರೋಗದ ಕ್ರಿಮಿಗಳೂ ಕೊಬ್ಬುತ್ತವೆ.

ಡಬ್ಬಿಯ ಜೀವಿಗಳು ಎಲ್ಲೂ ಉಪಯೋಗಕ್ಕೆ ಬರುವುದಿಲ್ಲ ಎಂಬುದು ನನ್ನ ಮಾತಲ್ಲ. ಡ್ರೈಕ್ಲೀನಿಂಗಿನಲ್ಲಿ ಬಳಸುವ ಪರ್‌ಕ್ಲೋರೊಎಥಿಲೀನ್ ಅಂತರ್ಜಲಕ್ಕೆ ಸೇರಿದರೆ ಅದನ್ನು ಪೂರ್ತಿ ನಿರ್ವಿಷ ಮಾಡಬಲ್ಲ ಜೀವಿ ಬಲು ಅಪರೂಪದ್ದು. 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಚರಂಡಿ ಕೆಸರಿನಿಂದ ಅದನ್ನು ಬೇರ್ಪಡಿಸಿದರು. ಅಂಥ ಕಡೆ ಹೊರಗಿನಿಂದ ತಂದು ಹಾಕಿದ್ದಕ್ಕೆ ಫಲ ಸಿಕ್ಕಿದೆ. ಪೆಟ್ರೋಲನ್ನು ಒಡೆಯಲು ಜೀವಿಗಳಿಗೆ ಗಾಳಿ ಬೇಕು. 1972ರಲ್ಲಿ ಪೆನ್ಸಿಲ್ವೇನಿಯಾದ ಆಂಬ್ಲರ್ ಎಂಬಲ್ಲಿ ಕೊಳವೆ ಸೋರಿ ಅಂತರ್ಜಲಕ್ಕೆ ಪೆಟ್ರೋಲ್ ಸೇರಿದಾಗ ವಿಜ್ಞಾನಿ ರಿಚರ್ಡ್ ರೇಮಂಡ್ ಬಾವಿಗಳೊಳಗೆ ಗಾಳಿ ಊದಿಸಿ, ಪೋಷಕಾಂಶ ಹಾಕಿಸಿ ಅಲ್ಲಿನ ಜೀವಿಗಳಿಂದಲೇ ಕೆಲಸ ಮಾಡಿಸಿದರು. ಬೆಂಗಳೂರಿನ ಪೀಣ್ಯದಲ್ಲಿ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳ ಸುತ್ತ ಅಂತರ್ಜಲಕ್ಕೆ ಸೇರಿರುವ ಕ್ರೋಮಿಯಂ ಇನ್ನೊಂದು ಬಗೆಯದು. ಲೋಹವನ್ನು ಯಾವ ಜೀವಿಯೂ ಇಲ್ಲವಾಗಿಸಲಾರದು. ಆದರೆ ಆರು ವೇಲೆನ್ಸಿಯ ವಿಷಕಾರಿ ಕ್ರೋಮಿಯಂ ಮೂರು ವೇಲೆನ್ಸಿಗೆ ಇಳಿದರೆ ನೀರಲ್ಲಿ ಕರಗದೆ ಮಣ್ಣಿಗೆ ಅಂಟಿ ಕೂರುತ್ತದೆ. ಕ್ಯಾಲಿಫೋರ್ನಿಯಾದ ಹಿಂಕ್ಲಿಯಲ್ಲಿ ಎಥೆನಾಲನ್ನು ನೆಲಕ್ಕಿಳಿಸಿ ಜೀವಿಗಳಿಗೆ ಉಣಿಸಿ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡುತ್ತ ಬಂದಿದ್ದಾರೆ.

ಹಾಗಾದರೆ ನಮ್ಮ ನೆಲದೊಳಗೂ ಎಥೆನಾಲ್ ಇಳಿಸಬಹುದಲ್ಲ, ಸಕ್ಕರೆ ಕಾರ್ಖಾನೆಗಳ ಸೀಮೆಯಲ್ಲಿ ಅದಕ್ಕೇನು ಬರ? ಇಲ್ಲಿ ನಮ್ಮ ಕಲ್ಲು ಅಡ್ಡ ಬರುತ್ತದೆ. ಮರಳಿನ ನೆಲದಲ್ಲಿ ನೀರು ಎಲ್ಲ ಕಡೆ ಒಂದೇ ಸಮನೆ ನಿಧಾನವಾಗಿ ಸರಿಯುತ್ತದೆ. ಕೆನಡಾದ ಒಂಟಾರಿಯೊದಲ್ಲಿ ವಿಜ್ಞಾನಿ ವಿಲ್ ರಾಬರ್ಟ್‌ಸನ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಅಂಥ ನೆಲದಲ್ಲಿ ಮರದ ಹೊಟ್ಟು ಬೆರೆಸಿದ ಗೋಡೆಯನ್ನು ಹೂತು, ಅದರ ಮೂಲಕ ಹರಿವ ನೀರಿನ ನೈಟ್ರೇಟ್ ಇಳಿಸಿದರು. ಹದಿನೈದು ವರ್ಷದ ನಂತರವೂ ಅದು ಕೆಲಸ ಮಾಡುತ್ತಿತ್ತು. ನಮ್ಮದು ಆರೂವರೆ ಕೋಟಿ ವರ್ಷ ಹಿಂದೆ ಪದರ ಪದರವಾಗಿ ಹರಿದ ಲಾವಾದ ಕಲ್ಲು. ಯಾವುದಾದರೂ ಹಳೆಯ ಬಾವಿಯ ಗೋಡೆ ನೋಡಿ. ಮೇಲೆ ಎರೆಮಣ್ಣು, ಅದರ ಕೆಳಗೆ ಗರಸು, ಗರಸಿನ ಕೆಳಗೆ ಬಿರುಕುಬಿಟ್ಟ ಕಲ್ಲು, ಆಮೇಲೆ ಉಳಿ ನಾಟದ ಕರಿಕಲ್ಲು, ಅದರ ಕೆಳಗೆ ಮತ್ತೆ ತೂತು ತೂತಾದ ಇನ್ನೊಂದು ಪದರ. ಸೆಲೆ ಒಡೆದದ್ದು ಒಂದು ಸಂದಿಯಲ್ಲಿ. ಮಾರು ದೂರದಲ್ಲಿ ತೋಡಿದ ಬೋರಿಗೆ ಆ ಸಂದಿ ಸಿಗದೇ ಹೋಗಬಹುದು. ಅಂಥ ಕಲ್ಲಿನೊಳಗೆ ಇಂಗಾಲ ಇಳಿಸಿದರೆ ಅದು ಎಲ್ಲಿಗೆ ಹೋಯಿತೆಂದು ಹೇಳುವವರು ಯಾರೂ ಇಲ್ಲ. ಒಂದೆಡೆ ಜೀವಿಗಳ ಲೋಳೆ ಕಟ್ಟಿ ಸಂದಿ ಮುಚ್ಚುತ್ತದೆ, ಇನ್ನೊಂದೆಡೆ ನೈಟ್ರೇಟ್ ಹಾಗೇ ಉಳಿಯುತ್ತದೆ, ಮತ್ತೊಂದೆಡೆ ಅನ್ನ ಹೆಚ್ಚಾಗಿ ಕಬ್ಬಿಣ, ಮ್ಯಾಂಗನೀಸ್ ಕರಗುತ್ತವೆ, ಕೊಳೆತ ಮೊಟ್ಟೆಯ ವಾಸನೆಯೂ ಏಳುತ್ತದೆ.

ಹೀಗಾಗಿ ನಾನು ಹೇಳಬಯಸುವುದು ಇಷ್ಟು: ಕೃಷ್ಣೆಯ ಈ ಎರೆಸೀಮೆಯಲ್ಲಿ ಸೂಕ್ಷ್ಮಜೀವಿಗಳನ್ನು ಕಲ್ಲಿನೊಳಗೆ ಕೆಲಸಕ್ಕೆ ಹಚ್ಚಲು ಹೋಗಬಾರದು. ನೀರು ಕಲ್ಲಿಗಿಳಿಯುವ ಮೊದಲೇ, ಅದು ಒಂದು ಕಡೆ ಕೂಡಿ ಹರಿಯುವ ಜಾಗದಲ್ಲಿ ಹಚ್ಚಬೇಕು. ಅಂಥ ಜಾಗಗಳು, ಅಂದರೆ ಸವಳು ನೆಲಕ್ಕೆ ಹಾಕಿದ ಬಸಿಗಾಲುವೆಗಳ ಬಾಯಿಗಳು, ನಮ್ಮಲ್ಲಿ ಆಗಲೇ ಇವೆ. ಅವುಗಳ ಮೇಲೆ ದುಡ್ಡೂ ಖರ್ಚಾಗಿದೆ.

ಸವಳು-ಜವಳಿನ ಬಗ್ಗೆ ನಿಮಗೆ ನಾನು ಪಾಠ ಹೇಳಬೇಕಿಲ್ಲ. ಹರಿನೀರು ಹೆಚ್ಚಾಗಿ, ನೆಲ ಬಸಿಯದೆ, ಉಪ್ಪು ಮೇಲೆದ್ದು ಬಿಳಿಚಿದ ಹೊಲಗಳು ಮಿರಜ, ವಾಳವಾ, ಶಿರೋಳದಿಂದ ಅಥಣಿ, ರಾಯಬಾಗದವರೆಗೆ ಇವೆ. ಉಪ್ಪಿನ ಮುಂದೆ ಸೂಕ್ಷ್ಮಜೀವಿಗಳ ಆಟ ನಡೆಯುವುದಿಲ್ಲ. ಸೋಡಿಯಂ, ಕ್ಲೋರೈಡುಗಳನ್ನು ಅನಿಲ ಮಾಡಿ ಬಿಡಬಲ್ಲ ಜೀವಿ ಇಲ್ಲ, ಯಾರಾದರೂ ಡಬ್ಬಿಯಲ್ಲಿ ತಂದು ಮಾರಿದರೆ ನಂಬಬೇಡಿ. ಅದಕ್ಕಿರುವ ದಾರಿ ಬಸಿಗಾಲುವೆ ಒಂದೇ. ಕಸಬೆ ಡಿಗ್ರಜ, ದುಧಗಾಂವ ಕಡೆ, ಗಡಿಯಾಚೆ ಉಗಾರ ಬುದ್ರುಕದಲ್ಲಿ ನೆಲದಡಿ ತೂತಿನ ಪೈಪು ಹೂತು ಉಪ್ಪುನೀರನ್ನು ಹೊರಗೆ ಹರಿಸಿದ್ದಾರೆ. ಸತ್ತ ಹೊಲಗಳಲ್ಲಿ ಮತ್ತೆ ಕಬ್ಬು ಎದ್ದಿದೆ. ಆ ಪೈಪಿನಲ್ಲಿ ಉಪ್ಪಿನ ಜತೆಗೆ ನೈಟ್ರೇಟೂ ಹೊರಬರುತ್ತದೆ. ಪೈಪಿನ ಬಾಯಿ ಹಳ್ಳಕ್ಕೆ, ಹಳ್ಳ ಕೃಷ್ಣೆಗೆ. ಹರಿಪುರದ ಸಂಗಮ ದಾಟಿದ ಕೃಷ್ಣೆ ಮುಂದೆ ಯಡೂರು, ಮಾಂಜರಿ, ಉಗಾರ, ಕುಡಚಿಯ ದಂಡೆಗೆ ಬರುತ್ತಾಳೆ. ದಾರಿಯುದ್ದಕ್ಕೂ ಹಳ್ಳದ ದಂಡೆಯ ಬಾವಿಗಳಿಗೆ ಅದೇ ನೀರು ಇಂಗುತ್ತದೆ.

ಅಯೋವಾದ ಮೆಕ್ಕೆಜೋಳದ ಹೊಲಗಳಲ್ಲಿ ಇಂಥದೇ ಪೈಪುಗಳ ಬಾಯಿಗೆ ಅಲ್ಲಿನವರು ಮರದ ಚಕ್ಕೆಯ ಹಾಸು ಕಟ್ಟುತ್ತಿದ್ದಾರೆ. ಒಂದು ಉದ್ದನೆಯ ಗುಂಡಿ, ತಳಕ್ಕೆ ಪ್ಲಾಸ್ಟಿಕ್ ಹಾಳೆ, ತುಂಬ ಮರದ ಚಕ್ಕೆ, ಮೇಲೆ ಮಣ್ಣು. ಪೈಪಿನ ನೀರು ಒಂದು ತುದಿಯಲ್ಲಿ ಹೊಕ್ಕು ಇನ್ನೊಂದು ತುದಿಯಲ್ಲಿ ಹೊರಬೀಳುತ್ತದೆ. ಚಕ್ಕೆ ನಿಧಾನವಾಗಿ ಕೊಳೆಯುತ್ತ ಜೀವಿಗಳಿಗೆ ಅನ್ನವಾಗುತ್ತದೆ. ಪ್ರಕಟವಾದ ಅಧ್ಯಯನಗಳಲ್ಲಿ ಒಂದು ಘನ ಮೀಟರ್ ಚಕ್ಕೆ ದಿನಕ್ಕೆ 2ರಿಂದ 22 ಗ್ರಾಂ ಸಾರಜನಕ ತೆಗೆದ ಲೆಕ್ಕವಿದೆ. ನಡುವಿನ 10 ಗ್ರಾಂ ಹಿಡಿಯೋಣ. ನಮ್ಮ ಪೈಪಿನಲ್ಲಿ ಸೆಕೆಂಡಿಗೆ 1 ಲೀಟರ್ ನೀರು, ಲೀಟರಿಗೆ 100 ಮಿಲಿಗ್ರಾಂ ನೈಟ್ರೇಟ್. ಅದನ್ನು 45ಕ್ಕೆ ಇಳಿಸಲು ದಿನಕ್ಕೆ ಒಂದು ಕಿಲೊಗಿಂತ ತುಸು ಹೆಚ್ಚು ಸಾರಜನಕ ತೆಗೆಯಬೇಕು. 60 ಅಡಿ ಉದ್ದ, 13 ಅಡಿ ಅಗಲ, 5 ಅಡಿ ಆಳದ ಒಂದು ಗುಂಡಿ ಸಾಕು. ಒಂದು ದೊಡ್ಡ ಮನೆಯ ಅಂಗಳದಷ್ಟು ಜಾಗ. ಅಯೋವಾದಲ್ಲಿ ಚಳಿಗಾಲಕ್ಕೆ ಜೀವಿಗಳು ಮಂಕಾಗುತ್ತವೆ. ನಮ್ಮ ನೆಲದಡಿಯ ನೀರು ವರ್ಷವಿಡೀ ಬೆಚ್ಚಗೆ, ಈ ಮಟ್ಟಿಗೆ ನಾವು ಅವರಿಗಿಂತ ಅದೃಷ್ಟವಂತರು.

ಚಕ್ಕೆ ಎಲ್ಲಿಂದ? ಬಗಾಸು ಬೇಗ ಕೊಳೆಯುತ್ತದೆ, ಮೇಲಾಗಿ ಕಾರ್ಖಾನೆಗಳು ಅದನ್ನು ಉರಿಸಿ ವಿದ್ಯುತ್ ಮಾಡುತ್ತಿವೆ. ಕಬ್ಬಿನ ಒಣಗರಿಯಾದ ರವದಿ ಹೊಲದಲ್ಲೇ ಮುಚ್ಚಿಗೆಯಾಗಿ ಉಳಿಯುವುದು ಒಳ್ಳೆಯದು. ನನ್ನ ಕಣ್ಣು ದ್ರಾಕ್ಷಿಯ ಚಾಟಣಿಯ, ಅಂದರೆ ಬಳ್ಳಿ ಸವರುವ ಕೆಲಸದ, ಕಡ್ಡಿಯ ಮೇಲಿದೆ. ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ಪ್ರತಿ ತೋಟದಿಂದ ರಾಶಿ ರಾಶಿ ಕಡ್ಡಿ ಹೊರಬರುತ್ತದೆ, ಹಲವೆಡೆ ಬದುವಿನಲ್ಲೇ ಸುಡುತ್ತಾರೆ. ಬಲಿತ ಕಡ್ಡಿಯನ್ನು ಯಂತ್ರದಲ್ಲಿ ಕತ್ತರಿಸಿ ಹಾಸಿನಲ್ಲಿ ತುಂಬಬಹುದು. ಬೋರ್ಡೋ ಹೊಡೆದ ಕಡ್ಡಿಯಲ್ಲಿ ತಾಮ್ರ ಎಷ್ಟು ಉಳಿದಿದೆ ಎಂದು ಮೊದಲು ಪರೀಕ್ಷಿಸಬೇಕು, ತಾಮ್ರ ಹೆಚ್ಚಾದರೆ ಜೀವಿಗಳಿಗೆ ಕೆಡುಕು. ಮೊದಲ ಕೆಲವು ವಾರ ಹಾಸಿನಿಂದ ಕಂದು ಬಣ್ಣದ, ಆಮ್ಲಜನಕವಿಲ್ಲದ ನೀರು ಬರುತ್ತದೆ, ಅದನ್ನು ಮೀನಿನ ಹೊಂಡಕ್ಕೆ ಬಿಡಕೂಡದು. ಸ್ವಲ್ಪ ನೈಟ್ರಸ್ ಆಕ್ಸೈಡ್ ಹೊರಬೀಳುತ್ತದೆ, ಅದು ಭೂಮಿಯ ಬಿಸಿ ಏರಿಸುವ ಅನಿಲ. ಮಳೆಗಾಲದ ಭರದಲ್ಲಿ ನೀರು ಹಾಸಿನಲ್ಲಿ ನಿಲ್ಲದೆ ಓಡಿಬಿಡುತ್ತದೆ, ಆಗ ಹೆಚ್ಚಿನ ನೀರಿಗೆ ಪಕ್ಕದ ದಾರಿ ಬಿಡಬೇಕು. ಇವನ್ನೆಲ್ಲ ಮುಚ್ಚಿಟ್ಟು ಹಾಸನ್ನು ಹೊಗಳಿದರೆ ಡಬ್ಬಿ ಮಾರುವವನಿಗೂ ನನಗೂ ವ್ಯತ್ಯಾಸವಿರದು.

ಹಾಸು ಕಟ್ಟಿದೆವೆಂದು ಚೀಲಗಳ ಲೆಕ್ಕ ಬಿಡುವ ಹಾಗಿಲ್ಲ. ಯೂರಿಯಾವನ್ನು ಒಮ್ಮೆಲೆ ಸುರಿಯದೆ ಹನಿ ನೀರಾವರಿಯಲ್ಲಿ ಕಂತುಕಂತಾಗಿ ಕೊಟ್ಟರೆ ಕೆಳಗಿಳಿಯುವುದೇ ಕಡಿಮೆಯಾಗುತ್ತದೆ, ಅದು ಎಲ್ಲಕ್ಕಿಂತ ಅಗ್ಗ. ಹಳ್ಳಿಗಳ ಶುದ್ಧ ನೀರಿನ ಘಟಕಗಳೂ ಇರಲಿ. ಆದರೆ ಅವು ಹೊರಹಾಕುವ ಉಳಿಕೆ ನೀರಿನಲ್ಲಿ ನೈಟ್ರೇಟ್ ಇನ್ನೂ ಗಟ್ಟಿಯಾಗಿರುತ್ತದೆ, ಮತ್ತು ಅದು ಘಟಕದ ಹಿಂದಿನ ಚರಂಡಿಯಿಂದ ಅದೇ ನೆಲಕ್ಕೆ ಇಂಗುತ್ತದೆ. ಆ ಚರಂಡಿಗೂ ಒಂದು ಚಿಕ್ಕ ಹಾಸು ಬೇಕು.

ಗೋಕಾಕರು ಪ್ರಾಚಾರ್ಯರಾಗಿದ್ದ, ಮುಗಳಿಯವರು ಕನ್ನಡ ಕಲಿಸಿದ ವಿಲಿಂಗ್ಡನ್ ಕಾಲೇಜು ಸಾಂಗ್ಲಿಯಲ್ಲಿದೆ. ಅಥಣಿ, ಚಿಕ್ಕೋಡಿಗಳಲ್ಲೂ ವಿಜ್ಞಾನದ ಕಾಲೇಜುಗಳಿವೆ. ಈ ಉಪನ್ಯಾಸದ ದತ್ತಿ ಇಟ್ಟ ಕುಟುಂಬದ ಹಿರಿಯರಲ್ಲಿ ನನ್ನ ಬೇಡಿಕೆ ಇಷ್ಟೇ. ಮುಂದಿನ ವರ್ಷದ ಉಪನ್ಯಾಸದ ಖರ್ಚಿನಲ್ಲಿ ಒಂದು ಪಾಲನ್ನು ಒಂದು ಬಸಿಗಾಲುವೆಯ ಬಾಯಿಗೆ ಒಂದು ಹಾಸು ಕಟ್ಟಲು ಇಡಿ. ಜಾಗ ಕೊಡುವ ರೈತ ಮುಂದೆ ಬಂದರೆ ಚಾಟಣಿ ಕಡ್ಡಿ ಕೊಡುವ ತೋಟದವರು ಸಿಗುತ್ತಾರೆ. ಗಡಿಯ ಎರಡೂ ಕಡೆಯ ವಿದ್ಯಾರ್ಥಿಗಳು ವಾರಕ್ಕೊಮ್ಮೆ ಹಾಸಿನ ಒಳಬಾಯಿ ಮತ್ತು ಹೊರಬಾಯಿಯ ನೀರು ತೆಗೆದು ನೈಟ್ರೇಟ್, ನೈಟ್ರೈಟ್ ಎರಡನ್ನೂ ಅಳೆದು ಬರೆದಿಡಲಿ, ಮಳೆಗಾಲದ ವಾರಗಳನ್ನು ಬಿಡದೆ. ಆ ವಹಿಯ ಒಂದು ಪ್ರತಿ ಕನ್ನಡದಲ್ಲಿ, ಒಂದು ಮರಾಠಿಯಲ್ಲಿ ಆಯಾ ಊರಿನ ಪಂಚಾಯಿತಿ ಕಚೇರಿಯ ಗೋಡೆಗೆ ತಿಂಗಳಿಗೊಮ್ಮೆ ಅಂಟಲಿ. ಜಾಗ ಹುಡುಕುವ ಕೆಲಸಕ್ಕೆ, ಮಕ್ಕಳಿಗೆ ಪಟ್ಟಿ ಅದ್ದುವುದನ್ನು ಕಲಿಸುವ ಕೆಲಸಕ್ಕೆ ನಾನು ಬರುತ್ತೇನೆ. ಹೊಲದಲ್ಲಿ ಬಸಿ ಪೈಪು ಇರುವವರು ಸಭೆ ಮುಗಿದ ಮೇಲೆ ದಯವಿಟ್ಟು ಇಲ್ಲೇ ಉಳಿಯಿರಿ.